ಮಿಡತೆಯ ಮುಗಿಲು

ಚಾಮರಾಜನಗರದಿಂದ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಸಾಗುವ ಹಾದಿ ಆಷಾಢದಲ್ಲಿ ಬಲು ಸೊಗಸು. ಒಂದೆಡೆ ಅರಳಿದ ಸೂರ್ಯಕಾಂತಿ, ಇನ್ನೊಂದೆಡೆ ಎದೆಯೆತ್ತರದ ಜೋಳ; ದೂರದಲ್ಲಿ ಮಂಜು ಹೊದ್ದ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಮಲೆಗಳ ಮರೆಯಲ್ಲಿರುವ ಈ ಸೀಮೆಗೆ ಮುಂಗಾರಿನದು ಸದಾ ಬಿಗಿ ಕೈ. ಬಿದ್ದ ಹನಿಯನ್ನೇ ನಂಬಿ ಬಿತ್ತುವ ಒಕ್ಕಲಿಗೆ ನಿಂತ ಪೈರೇ ವರ್ಷದ ಅನ್ನ.

2022ರ ಆಷಾಢದಲ್ಲಿ ನೈರೋಬಿಯಿಂದ ಊರಿಗೆ ಮರಳಿದ ತರುಣನೊಬ್ಬ, ತನ್ನ ಮನೆಯ ಜೋಳದ ಹೊಲದಲ್ಲಿ ಒಂದೇ ಒಂದು ಮಿಡತೆಯನ್ನು ಕಂಡು ತಟ್ಟನೆ ನಿಂತ.

“ಹುಲಿಯ ಕಾಡಿನ ಅಂಚಿನಲ್ಲಿ ಹುಟ್ಟಿದವನು ಮಿಡತೆಗೆ ಹೆದರುತ್ತೀಯಾ ಮಗ?” ಎಂದು ತಾಯಿ ನಕ್ಕಳು.

ಆಗ ಅವನು ತಾನು ಕಂಡುದನ್ನು ಹೇಳಿದ. 2020ರ ಜನವರಿ. ನೈರೋಬಿಯ ಪೂರ್ವದ ಕಿಟುಯಿ ಪ್ರಾಂತದಲ್ಲಿ ಅವನ ಕಾರು ಸಾಗುತ್ತಿತ್ತು. ಅಲ್ಲಿಯೂ ಜೋಳ, ಅಲ್ಲಿಯೂ ಹೆಸರುಕಾಳು. ಊರಿನ ನೆನಪು ತರುವ ಒಣನೆಲ. ಬಾನಂಚಿನಲ್ಲಿ ಹೊಗೆಯಂತೆ ಎದ್ದುದು ನೋಡುನೋಡುತ್ತ ಬಿಸಿಲನ್ನೇ ಮಂಕುಗೊಳಿಸಿತು. ನಸುಗೆಂಪು ಮೈಯ ಕೋಟಿ ಕೋಟಿ ಮಿಡತೆಗಳು! ಮರಗಳ ಕೊಂಬೆಗಳು ಭಾರಕ್ಕೆ ಬಾಗಿದವು. ಗಾಳಿಯ ತುಂಬ ರೆಕ್ಕೆಗಳ ಮರ್ಮರ. ಹೊಲದ ನಡುವೆ ಒಬ್ಬ ಮುದುಕಿ ತಗಡಿನ ಡಬ್ಬವನ್ನು ಬಡಿಯುತ್ತ ಓಡಾಡುತ್ತಿದ್ದಳು. ಒಂದು ಮೂಲೆಯಿಂದ ಎದ್ದವು ಮತ್ತೊಂದು ಮೂಲೆಯಲ್ಲಿ ಇಳಿಯುತ್ತಿದ್ದವು.

ಆ ಡಬ್ಬದ ಸದ್ದು ತರುಣನಿಗೆ ಹೊಸದಲ್ಲ. ಬಂಡೀಪುರದ ಆನೆಗಳನ್ನು ಅಟ್ಟಲು ಅವನ ತಾಯಿಯೂ ಅಟ್ಟಣೆಯ ಮೇಲೆ ಕುಳಿತು ಇರುಳೆಲ್ಲ ಬಡಿದವಳೇ.

ಈ ಮರುಭೂಮಿ ಮಿಡತೆ ಒಂಟಿಯಾಗಿರುವಾಗ ಸಾಧುಪ್ರಾಣಿ. ಮಳೆ ಬಂದು, ಸಂತಾನ ಬೆಳೆದು, ಮೈಗೆ ಮೈ ತಾಗುವಷ್ಟು ಒತ್ತಾದಾಗ ಬಣ್ಣವೂ ಗುಣವೂ ಬದಲಾಗುತ್ತವೆ. ಒಂಟಿ ಮಿಡತೆಯೂ ದಂಡಿನ ಮಿಡತೆಯೂ ಒಂದೇ ಜಾತಿಯೆಂಬುದನ್ನು 1921ರಲ್ಲಿ ಬೋರಿಸ್ ಉವರೊವ್ ತಿಳಿಸಿಕೊಟ್ಟರು. 2018ರ ಎರಡು ಚಂಡಮಾರುತಗಳು ಅರೇಬಿಯದ ಮರಳುಗಾಡಿಗೆ ಮಳೆ ಸುರಿಸಿದುದೇ ಈ ಹಾವಳಿಯ ಮೂಲ. ಒಂದು ಚದರ ಕಿಲೋಮೀಟರಿನ ದಂಡಿನಲ್ಲಿ 4ರಿಂದ 8 ಕೋಟಿ ಮಿಡತೆಗಳಿರಬಹುದು. ಅವು ಒಂದು ದಿನಕ್ಕೆ ತಿನ್ನುವುದು 35,000 ಜನರ ಆಹಾರದಷ್ಟು.

“ಇಲ್ಲಿಗೂ ಬರುತ್ತವೆಯೇ?” ತಾಯಿಯ ನಗೆ ಮಾಯವಾಗಿತ್ತು.

2020ರಲ್ಲಿ ಅವು ರಾಜಸ್ಥಾನವನ್ನು ದಾಟಿ ಮಹಾರಾಷ್ಟ್ರದವರೆಗೂ ಬಂದಿದ್ದವು. ಕರ್ನಾಟಕದ ಉತ್ತರದ ಜಿಲ್ಲೆಗಳು ಎಚ್ಚರದಿಂದಿದ್ದವು. ಆದರೆ ದಂಡು ಗಾಳಿಯ ಬೆನ್ನೇರಿ ಹೋಗುವಂಥದು. ಮುಂಗಾರಿನ ಗಾಳಿ ಅದನ್ನು ರಾಜಸ್ಥಾನದ ಮರಳಿನತ್ತಲೇ ಒಯ್ಯುತ್ತದೆ. ಕನ್ನಡ ನಾಡಿನ ಜೋಳಕ್ಕೆ ಕಂಟಕವಾಗಿದ್ದುದು ಬೇರೊಂದು ಮಿಡತೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1911ರಲ್ಲಿ ಅದರ ಮೇಲೊಂದು ಪುಸ್ತಿಕೆಯನ್ನೇ ಬರೆದರು. ಅದರ ಕುಲಕ್ಕೆ ಅವರದೇ ಹೆಸರು. ಅದಕ್ಕೆ ರೆಕ್ಕೆಯಿಲ್ಲ. ಕೊಯ್ಲಾದ ಮೇಲೆ ಆಳವಾಗಿ ಉತ್ತರೆ ಮಣ್ಣಿನ ಮೊಟ್ಟೆಗಳು ಬಿಸಿಲಿಗೂ ಹಕ್ಕಿಗಳಿಗೂ ಸಿಕ್ಕುತ್ತವೆ.

ತಾಯಿ ಎಲ್ಲವನ್ನೂ ಕೇಳಿದಳು. ಕೊನೆಗೆ, “ಆ ಮುದುಕಿಯ ಜೋಳ ಉಳಿಯಿತೇನಪ್ಪ?” ಎಂದಳು.

ತರುಣ ತಲೆ ತಗ್ಗಿಸಿದ. ಅಂದು ಕಾರು ನಿಂತಿರಲಿಲ್ಲ. ಗಾಜಿಗೆ ಬಡಿಯುವ ಮಿಡತೆಗಳನ್ನು ಕಂಡು, ಬೇಗ ನಡೆಸೆಂದು ಚಾಲಕನಿಗೆ ಹೇಳಿದವನು ಅವನೇ.

ಆ ಇರುಳು ಅಟ್ಟಣೆಗೆ ತಾಯಿ ಹೋಗಲಿಲ್ಲ. ಡಬ್ಬವನ್ನೆತ್ತಿಕೊಂಡು ಮಗನೇ ಹೋದ.