ಮಾಗಿಯ ಪೊರಕೆ

ದೀಪಾವಳಿ ಮುಗಿದು ಹಿಂಗಾರು ಹಿಂದೆ ಸರಿಯುತ್ತಿದ್ದಂತೆ ಬೆಂಗಳೂರು, ಮೈಸೂರುಗಳ ಅಂಗಳಗಳಲ್ಲಿ ಪೊರಕೆಗೆ ಬಿಡುವಿರುವುದಿಲ್ಲ. ಬಾದಾಮಿ ಮರದ ಅಗಲವಾದ ಎಲೆಗಳು ಕೆಂಪಗಾಗಿ ಬೀಳುತ್ತವೆ. ಸಂಕ್ರಾಂತಿ ಕಳೆಯುವ ಹೊತ್ತಿಗೆ ಹೊಂಗೆ ಹಳದಿಗೆ ತಿರುಗಿ ಉದುರತೊಡಗುತ್ತದೆ. ಮಳೆಮರ, ಗುಲ್‌ಮೊಹರ್‌ಗಳ ಚೂರೆಲೆಯಂತೂ ಗುಡಿಸಿದಷ್ಟೂ ಮುಗಿಯದು. ಗುಡಿಸಿದ್ದನ್ನು ಗೋಣಿಚೀಲಕ್ಕೆ ತುಂಬಿ ರಸ್ತೆಯ ತಿರುವಿಗೆ ಸಾಗಿಸುವುದು, ಇಲ್ಲವೇ ಬೆಳಗಿನ ಚಳಿ ಕಾಯಿಸುವ ನೆಪದಲ್ಲಿ ಅಲ್ಲೇ ಕಡ್ಡಿ ಗೀರುವುದು ರೂಢಿ. ಚಳಿಗಾಲದ ಕೈತೋಟದ ಆರೈಕೆಯೆಂದರೆ ಬಹುಪಾಲು ಮನೆಗಳಲ್ಲಿ ಇದೇ. ಗಿಡಕ್ಕೆ ಮಾಡುವ ಈ ಉಪಕಾರ ಗಿಡಕ್ಕೇ ಮುಳುವು ಎಂಬುದು ನನ್ನ ವಾದ. ಮಳೆಗಾಲದಲ್ಲಿ ಗುಡಿಸಿದರೆ ತೋಟ ಹೇಗೋ ತಡೆದುಕೊಂಡೀತು. ಮಾಗಿಯಲ್ಲಿ ಗುಡಿಸಿದರೆ ಅದರ ಪೆಟ್ಟು ಮುಂದಿನ ಬೇಸಿಗೆಯುದ್ದಕ್ಕೂ ಬೀಳುತ್ತದೆ.

ಕಾರಣ ನಮ್ಮ ಚಳಿಗಾಲದ ಸ್ವಭಾವದಲ್ಲೇ ಇದೆ. ಹಿಮ ಬೀಳುವ ದೇಶಗಳಲ್ಲಿ ತೋಟದವರು ಚಳಿಗಾಲದಲ್ಲಿ ಹೆದರುವುದು ಬೇರು ಹೆಪ್ಪುಗಟ್ಟುವುದಕ್ಕೆ. ನಮ್ಮಲ್ಲಿ ಆ ಭಯವಿಲ್ಲ. ನಮ್ಮದು ಒಣಗುವ ಕಾಲ. ಬೆಂಗಳೂರಿನಲ್ಲಿ ಜನವರಿಯ ಸರಾಸರಿ ಮಳೆ ಕೆಲವೇ ಮಿಲಿಮೀಟರ್, ಅಂದರೆ ಅಂಗಳದ ದೂಳು ಅಡಗಿಸಲೂ ಸಾಲದಷ್ಟು. ಮೋಡವಿಲ್ಲದ ಆಕಾಶ, ಒಣ ಮೂಡುಗಾಳಿ, ಮಧ್ಯಾಹ್ನದ ಚುರುಕು ಬಿಸಿಲು ಮೂರೂ ಸೇರಿ ಬತ್ತಲೆ ಕೆಮ್ಮಣ್ಣಿನ ತೇವವನ್ನು ಹೀರುತ್ತವೆ. ಗಿಡಕ್ಕೆ ನೀರು, ಸಾರ ಎರಡನ್ನೂ ಎಳೆದುಕೊಡುವ ಸಣ್ಣ ಬೇರುಗಳು ಬಹುಮಟ್ಟಿಗೆ ಮೇಲಿನ ಒಂದು ಗೇಣು ಮಣ್ಣಿನಲ್ಲೇ ಇರುವುದರಿಂದ ಮೊದಲು ಸೊರಗುವುದೂ ಅವೇ. ನೆಲದಲ್ಲಿ ನೀರು ಇಳಿಮುಖವಾಗುವ ಹೊತ್ತಿಗೇ ಮರ ಎಲೆ ಕಳಚಿ ತನ್ನ ಖರ್ಚು ತಗ್ಗಿಸಿಕೊಳ್ಳುತ್ತದೆ. ಆ ಎಲೆ ಬುಡದಲ್ಲೇ ಬಿದ್ದು ಮಣ್ಣನ್ನು ಮುಚ್ಚುತ್ತದೆ. ಮರಕ್ಕೆ ಹಾಗೆ ಮಾಡುವ ಉದ್ದೇಶವಿತ್ತು ಎಂದು ನಾನು ಹೇಳುತ್ತಿಲ್ಲ. ಫಲವಂತೂ ಅದೇ: ಮುಚ್ಚಿದ ಮಣ್ಣು ತಂಪಾಗಿರುತ್ತದೆ, ನಿಧಾನವಾಗಿ ಒಣಗುತ್ತದೆ. ನಾವು ಮಾತ್ರ ಆ ಹೊದಿಕೆಯನ್ನು ಕಿತ್ತು ಬಿಸಾಡಿ, ಕೊಳವೆ ಹಿಡಿದು ದಿನಕ್ಕೆರಡು ಸಲ ನೀರು ಬಿಡುತ್ತೇವೆ.

ಒಂದೆರಡು ವರ್ಷ ಯಾರೂ ಮುಟ್ಟದ ಹೊಂಗೆಯ ಬುಡದ ಎಲೆಯನ್ನು ಕೈಯಿಂದ ಸರಿಸಿ ನೋಡಿದರೆ ಆ ಹೊದಿಕೆಯ ಕೆಲಸ ತಿಳಿಯುತ್ತದೆ. ಮೇಲಿನ ಪದರ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಅದರಡಿಯ ಎಲೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ನಡುವೆ ಬಿಳಿ ಎಳೆಗಳಂತೆ ಶಿಲೀಂಧ್ರ ಹಬ್ಬಿರುತ್ತದೆ. ಇನ್ನೂ ಕೆಳಗೆ ಬರೀ ನರಗಳುಳಿದ ಜಾಲರಿಯಂಥ ಎಲೆ, ಸುರುಳಿ ಸುತ್ತಿಕೊಳ್ಳುವ ಸಹಸ್ರಪದಿ, ಕೊನೆಗೆ ಬೆರಳಿಗೆ ಕಪ್ಪಾಗಿ ಮೆತ್ತುವ, ಮಳೆಯ ವಾಸನೆಯ ಮಣ್ಣು. ನರ್ಸರಿಯಲ್ಲಿ ಚೀಲದ ಲೆಕ್ಕದಲ್ಲಿ ಕೊಂಡು ತರುವುದು ಇಂಥದ್ದನ್ನೇ.

ಒಣಗಿದ ಎಲೆಯಲ್ಲಿ ಸಾರವೆಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಉದುರಿಸುವ ಮೊದಲು ಮರ ಎಲೆಯಲ್ಲಿದ್ದ ಸಾರಜನಕ, ರಂಜಕಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ರೆಂಬೆಗೆ ವಾಪಸು ಎಳೆದುಕೊಳ್ಳುತ್ತದೆ. ಉಳಿದರ್ಧವೂ ಸುಣ್ಣದಂಶವೂ ಎಲೆಯಲ್ಲೇ ಬೀಳುತ್ತವೆ. ಅದಕ್ಕಿಂತ ಮುಖ್ಯವಾಗಿ, ಮಣ್ಣು ತೇವ ಹಿಡಿದಿಡಲು ಬೇಕಾದ ಇಂಗಾಲ ಬೀಳುತ್ತದೆ. ಸುಟ್ಟರೂ ಬೂದಿ ಗೊಬ್ಬರವೇ ತಾನೇ ಎನ್ನುವುದು ಇನ್ನೊಂದು ವಾದ. ಸುಟ್ಟಾಗ ಇಂಗಾಲವೂ ಸಾರಜನಕವೂ ಬಹುಪಾಲು ಹೊಗೆಯಾಗಿ ಹೋಗುತ್ತವೆ. ಉಳಿಯುವ ಪೊಟ್ಯಾಷ್ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುವುದೇ ಹೆಚ್ಚು. ತರಗೆಲೆಯ ಬೆಲೆ ಮಲೆನಾಡಿನವರಿಗೆ ಗೊತ್ತು. ಉತ್ತರ ಕನ್ನಡದ ಅಡಿಕೆ ಬೆಳೆಗಾರರಿಗೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ಸೊಪ್ಪು ತರಗೆಲೆ ತರುವ ಕಾಡಿನ, ಹಕ್ಕನ್ನು ಬ್ರಿಟಿಷರ ಕಾಲದಲ್ಲೇ ಕೊಟ್ಟದ್ದು ಸುಮ್ಮನೆ ಅಲ್ಲ. ಅಲ್ಲಿ ಬೇಸಿಗೆಗೆ ಮುಂಚೆ ಗುಡಿಸಿ ತಂದ ದರಕು, ಅಂದರೆ ತರಗೆಲೆ, ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಾಗಿ, ಸಗಣಿ ಗಂಜಲ ಕುಡಿದು, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಆದರೆ ವರ್ಷಾನುವರ್ಷ ಗುಡಿಸಿದ ಬೆಟ್ಟ ತಾನು ಬಡವಾಗುತ್ತದೆ ಎಂಬುದನ್ನೂ ಮರೆಯಬಾರದು. ತೋಟ ಗಳಿಸಿದ್ದು ಬೆಟ್ಟ ಕಳೆದುಕೊಂಡದ್ದನ್ನೇ. ನಗರದ ಮನೆಯಂಗಳದಲ್ಲಿ ಕಳೆದುಕೊಳ್ಳುವವರಿದ್ದಾರೆ, ಗಳಿಸುವವರು ಮಾತ್ರ ಯಾರೂ ಇಲ್ಲ.

ಹಾವು ಚೇಳಿನ ಭಯವನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಎಲೆಯನ್ನು ಎಲ್ಲಿ ಎಷ್ಟು ಬಿಡಬೇಕೆಂಬ ವಿವೇಕದಲ್ಲಿದೆ. ಹಾವಿಗೆ ಬೇಕಾದದ್ದು ಇಲಿಯೂ ಅಡಗುವ ಸಂದೂ. ಅದು ಸೇರುವುದು ಗೋಡೆಗೊರಗಿದ ಹಳೆಯ ಹಲಗೆ, ಇಟ್ಟಿಗೆ, ತೆಂಗಿನಮಟ್ಟೆಯ ರಾಶಿಗೆ. ಮೂರು ನಾಲ್ಕು ಇಂಚು ದಪ್ಪದ ತೆಳು ಹಾಸು ರಾಶಿಯಲ್ಲ. ಓಡಾಡುವ ದಾರಿ, ಬಾಗಿಲು, ಮಕ್ಕಳು ಆಡುವ ಜಾಗ ಗುಡಿಸಿಯೇ ಇರಲಿ. ಸಾರಿಸಿ ರಂಗೋಲಿ ಇಡುವ ಅಂಗಳಕ್ಕೂ ಮರದ ಬುಡಕ್ಕೂ ಒಂದೇ ನಿಯಮ ಯಾಕೆ? ಬಸವನಹುಳುವಿನ ಕಾಟ ಬಂದರೆ ಅದು ಮಳೆಗಾಲದ ಸಮಸ್ಯೆ, ಜೂನ್ ಹೊತ್ತಿಗೆ ಹಾಸು ತೆಳ್ಳಗಾಗಿರುತ್ತದೆ. ನೀಲಗಿರಿ, ಅಕೇಶಿಯಾ ಎಲೆ ತರಕಾರಿ ಮಡಿಗೆ ಬೇಡ. ಗುಲಾಬಿ, ಕುಂಬಳಗಳಿಗೆ ಚಳಿಯಲ್ಲಿ ಬೂದಿ ರೋಗ ತಗಲುತ್ತದೆ, ಆ ಎಲೆಗಳನ್ನು ಆರಿಸಿ ತೆಗೆಯಲೇಬೇಕು. ಒಣ ಎಲೆಯನ್ನು ಮಣ್ಣಿಗೆ ಬೆರೆಸಿ ಅಗೆಯುವುದೂ ತಪ್ಪು. ಅದು ಕೊಳೆಯುವಾಗ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕಕ್ಕೇ ಕೈಹಾಕಿ ಗಿಡ ಬಿಳಿಚಿಕೊಳ್ಳುತ್ತದೆ. ಮೇಲೆ ಹಾಸಿದರೆ ಆ ತೊಂದರೆ ಅತ್ಯಲ್ಪ. ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹಾಸಿ, ತೆಳ್ಳಗೆ ಸಗಣಿ ನೀರು ಚಿಮುಕಿಸಿದರೆ ಗಾಳಿಗೂ ಹಾರದು, ಶಿವರಾತ್ರಿಯ ಬಿಸಿಲಿಗೆ ಯಾರೋ ಎಸೆದ ಬೀಡಿಯ ಕಿಡಿಗೂ ಸುಲಭಕ್ಕೆ ಹೊತ್ತಿಕೊಳ್ಳದು.

ಸುಡುವುದರ ಬಗ್ಗೆ ಕಾನೂನೂ ಸ್ಪಷ್ಟವಾಗಿಯೇ ಇದೆ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ ಹೂಡಿದ್ದ ಮೊಕದ್ದಮೆಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶಾದ್ಯಂತ ನಿಷೇಧಿಸಿ, 5,000 ರೂಪಾಯಿ ದಂಡವನ್ನೂ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿಯನ್ನೂ ಗೊತ್ತುಮಾಡಿತು. ಅದೇ ವರ್ಷದ ಘನತ್ಯಾಜ್ಯ ನಿಯಮಗಳು ತೋಟದ ಕಸವನ್ನು ಬೇರೆಯಾಗಿ ಅವರವರ ಆವರಣದಲ್ಲೇ ಇಟ್ಟುಕೊಳ್ಳಬೇಕೆಂದವು. ಆದರೂ ಚಳಿಗಾಲದ ಬೆಳಗಿನಲ್ಲಿ, ನೆಲದ ತಂಪುಗಾಳಿ ಮೇಲೇರದೆ ನಿಂತಿರುವ ಹೊತ್ತಿನಲ್ಲೇ, ಬೀದಿಗಳಲ್ಲಿ ಎಲೆಯ ಹೊಗೆ ಮನೆಗಳ ಕಿಟಕಿಮಟ್ಟಕ್ಕೆ ಸುಳಿಯುತ್ತಿರುತ್ತದೆ. ಬೆಂಕಿ ಹಚ್ಚುವ ಪೌರಕಾರ್ಮಿಕರನ್ನು ಬೈದರೆ ಪ್ರಯೋಜನವಿಲ್ಲ. ಹತ್ತು ಮನೆಗಳ ಎಲೆ ಅವರ ತಳ್ಳುಗಾಡಿಗೆ ಹಿಡಿಸದು; ಅದನ್ನು ಬೀದಿಗೆ ತಂದು ಸುರಿದವರು ನಾವು. ಅಪಾರ್ಟ್‌ಮೆಂಟುಗಳಲ್ಲಂತೂ ಉದ್ಯಾನದ ಗುತ್ತಿಗೆಯನ್ನು ಅಳೆಯುವುದೇ ನೆಲದ ಮೇಲೆ ಒಂದೂ ಎಲೆ ಕಾಣದಿರುವುದರಿಂದ. ತೋಟದ ಕೆಲಸದವರು ಬುದ್ಧಿ ಉಪಯೋಗಿಸಿ ಎಲೆಯನ್ನು ಬುಡಕ್ಕೆ ಹಾಸಿದರೆ ಸೋಮಾರಿಗಳೆಂಬ ಹೆಸರು ಬರುತ್ತದೆ. ಹಾಗಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ರಸ್ತೆ ಮತ್ತು ಕಾಲುದಾರಿ ಮಾತ್ರ ಗುಡಿಸತಕ್ಕದ್ದು, ಮಡಿ ಮತ್ತು ಮರದ ಬುಡ ಗುಡಿಸಕೂಡದು ಎಂದು ನಿವಾಸಿಗಳ ಸಂಘವೇ ಗುತ್ತಿಗೆ ಪತ್ರದಲ್ಲಿ ಬರೆಸಬೇಕು.