ಮೂವತ್ತು ಜಿಬಿ ನುಂಗಿದ ಖಳನಾಯಕ!

ಸಿನಿಮಾದಲ್ಲಿ ಖಳನಾಯಕನನ್ನು ಗುರುತಿಸುವುದು ಸುಲಭ. ವಜ್ರಮುನಿ ತೆರೆಯ ಮೇಲೆ ಕಾಲಿಟ್ಟರೆಂದರೆ ಸಾಕು, ಮುಂದಿನ ಬೆಂಚಿನ ಹುಡುಗನಿಗೂ ತಿಳಿಯುತ್ತಿತ್ತು, ಇನ್ನು ನಾಯಕನಿಗೆ ಗ್ರಹಚಾರ ಕಾದಿದೆ ಅಂತ. ಆದರೆ ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತು ಜಾಗ ತಿನ್ನುವ ಖಳನಿಗೆ ಮೀಸೆಯೂ ಇಲ್ಲ, ಗಹಗಹಿಸುವ ನಗೆಯೂ ಇಲ್ಲ. ನಿನ್ನೆ ಮೂವತ್ತು ಜಿಬಿ ಖಾಲಿ ಇತ್ತು, ಇವತ್ತು ನೋಡಿದರೆ ಸೊನ್ನೆ! ತಿಂದವರು ಯಾರು? ಅಷ್ಟೇ ಮುಖ್ಯವಾದ ಪ್ರಶ್ನೆ, ಅವನು ನಿಜವಾಗಿ ಖಳನೇ ಹೌದಾ?

ನಾನು ಕೊಪ್ಪಳದವನು. ಜಾತ್ರೆಗಳಲ್ಲಿ ನಾಟಕಕ್ಕೆ ಸೌಂಡ್ ಕಟ್ಟುವುದು ನನ್ನ ಹೊಟ್ಟೆಪಾಡು. ಸುಗ್ಗಿ ಮುಗಿದ ಮೇಲೆ ಕೈ ತುಂಬ ಕೆಲಸ, ಮಳೆಗಾಲದಲ್ಲಿ ನೊಣ ಹೊಡೆಯುವುದು. ಆ ಖಾಲಿ ತಿಂಗಳುಗಳಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತೇನೆ. ಕುಷ್ಟಗಿ ಕಡೆಯಿಂದ ಭಜನಾ ಪದ ಬರುತ್ತವೆ, ಗಂಗಾವತಿಯಿಂದ ಮದುವೆಮನೆಯ ಹಾಡು, ಯಲಬುರ್ಗಾದ ಹಳ್ಳಿಗಳಿಂದ ನಾಟಕ. ನಮ್ಮ ಭಾಗ ಇನ್ನೂ ರಾಯಚೂರು ಜಿಲ್ಲೆಯೊಳಗಿದ್ದ ಕಾಲದ, ಅಂದರೆ 1997ಕ್ಕಿಂತ ಹಿಂದಿನ ಕ್ಯಾಸೆಟ್ಟುಗಳೇ ಹೆಚ್ಚು. ಧ್ವನಿಸುರುಳಿ ಎಂದು ಚಂದಾಗಿ ಕರೆಯುತ್ತಿದ್ದೆವಲ್ಲ, ಅವೇ. ಈಗ ಬೂಸ್ಟು ಹಿಡಿದು, ಅಂಟಂಟಾಗಿ, ಒಂದೇ ಸಲ ಓಡಿ ಪ್ರಾಣ ಬಿಡುವ ಸ್ಥಿತಿಗೆ ಬಂದಿವೆ.

ಹೋದ ಮಳೆಗಾಲದಲ್ಲಿ ಯಲಬುರ್ಗಾ ತಾಲೂಕಿನ ಹಳ್ಳಿಯೊಂದರಿಂದ ಒಬ್ಬ ಹುಡುಗ ಬಂದ. ಬಸ್ಸಿನಲ್ಲಿ ಅಷ್ಟು ದೂರವೂ ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದಿದ್ದ.

"ಅಣ್ಣಾ, ಇದನ್ನ ಬಂದ್ ಮಾಡಿಲ್ರಿ. ಬಂದ್ ಮಾಡಿದ್ರ ಎಲ್ಲಾ ಹೋಗ್ತೈತಿ ಅಂತ ಹೆದ್ರಿಕಿ."

"ಏನು ಹೋಗ್ತೈತಿ ತಮ್ಮಾ?"

"ನಮ್ಮ ಮುತ್ಯಾನ ದನಿ."

ಅವನ ಮುತ್ಯಾ ಊರಿನ ನಾಟಕದಲ್ಲಿ ನಾಯಕನ ಪಾತ್ರ ಮಾಡುತ್ತಿದ್ದವರು. ಹುಡುಗ ಹುಟ್ಟುವ ಮೊದಲೇ ತೀರಿಕೊಂಡಿದ್ದಾರೆ. ಎಂಬತ್ತರ ದಶಕದಲ್ಲಿ ಯಾರೋ ಪುಣ್ಯಾತ್ಮ ರಂಗದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ರಾತ್ರಿಯಿಡೀ ನಡೆದ ನಾಟಕವನ್ನು ತೊಂಬತ್ತು ನಿಮಿಷದ ನಾಲ್ಕು ಕ್ಯಾಸೆಟ್ಟಿಗೆ ತುಂಬಿಸಿದ್ದ. ಯಾವ ನಾಟಕ ಗೊತ್ತೇ? 'ಸಂಪತ್ತಿಗೆ ಸವಾಲ್'! ಅಣ್ಣಾವ್ರ ಅಭಿಮಾನಿಗಳೇ, ಎಮ್ಮೆಯ ಮೇಲೆ ಕೂತು ರಾಜಣ್ಣ ಹಾಡಿದ್ದು ಈ ಹೆಸರಿನ 1974ರ ಚಿತ್ರದಲ್ಲಿ. ಆದರೆ ಅದರ ಬೇರು ನಮ್ಮ ಕುಷ್ಟಗಿಗೆ ಹೊಂದಿಕೊಂಡ ಹುನಗುಂದದ ಸೀಮೆಯಲ್ಲಿದೆ. ಮೂಲ ನಾಟಕ ಬರೆದವರು ಸೂಳೇಭಾವಿಯ ಪಿ.ಬಿ. ಧುತ್ತರಗಿ. ತೆರೆಗೆ ಬರುವ ಮೊದಲೇ ನಾಟಕ ಕಂಪನಿಗಳು ಇದನ್ನು ಆಡಿ ಜನರನ್ನು ಹುಚ್ಚೆಬ್ಬಿಸಿದ್ದವು. ಬೆಂಗಳೂರಿನ ಮಂದಿಗೆ ಇದು ಸಿನಿಮಾ, ನಮಗೆ ಇದು ನಾಟಕ, ಆಮೇಲೆ ಸಿನಿಮಾ.

ಸರಿ, ಹುಡುಗ ಮನೆಯಲ್ಲೇ ಎರಡು ರಾತ್ರಿ ಕೂತು ನಾಲ್ಕೂ ಕ್ಯಾಸೆಟ್ಟನ್ನು ಅಡಾಸಿಟಿ ಎಂಬ ತಂತ್ರಾಂಶಕ್ಕೆ ಇಳಿಸಿದ್ದ. ಇದು ಪುಕ್ಕಟೆ ಸಿಗುವ ಸಾಮಾನು. 1999ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಶುರುವಾಗಿದ್ದು, ಈಗ ಹಳ್ಳಿ ಹಳ್ಳಿಯ ಡಿಜೆ ಹುಡುಗರ ಕೈಯಲ್ಲಿದೆ. ಮೂರನೆಯ ಕ್ಯಾಸೆಟ್ಟನ್ನು ಕೊನೆಯಲ್ಲಿ ಟೇಪ್‌ರೆಕಾರ್ಡರ್ ನುಂಗಿ, ಸುಕ್ಕುಸುಕ್ಕು ಮಾಡಿ, ತುಂಡರಿಸಿತ್ತು. ಅಂದರೆ ಆ ಭಾಗ ಇನ್ನೊಮ್ಮೆ ಇಳಿಸಲು ಬಾರದು. ಸುಯ್ ಎನ್ನುವ ಸದ್ದು ತೆಗೆದ. ದನಿಯ ಏರಿಳಿತ ಸರಿಮಾಡಿದ. ಆಮೇಲೆ ದನಿ ಜೋರು ಮಾಡಲು ಹೋದ, ಅಲ್ಲಿಗೆ ಡಿಸ್ಕು ಭರ್ತಿ. ಸೇವ್ ಮಾಡಲು ಹೋದರೆ ಜಾಗವಿಲ್ಲ. ಅಷ್ಟು ಹೊತ್ತು ಸೇವ್ ಆಗದೆ ಇದ್ದ ಆರು ತಾಸಿನ ನಾಟಕ ಅತ್ತ ಇಲ್ಲ, ಇತ್ತ ಇಲ್ಲ.

"ಬಸ್‌ಸ್ಟ್ಯಾಂಡ್ ಹತ್ರ ಮೊಬೈಲ್ ಅಂಗಡ್ಯಾವ ಟೆಂಪ್ ಫೈಲ್ ಎಲ್ಲಾ ಅಳಿಸಿಬಿಡು, ಮೂವತ್ತು ಜಿಬಿ ವಾಪಸ್ ಬರ್ತೈತಿ ಅಂದ್ರಿ" ಎಂದ.

ನನ್ನ ಎದೆ ಧಸಕ್ಕೆಂದಿತು. ಬರುತ್ತಿತ್ತು ಸ್ವಾಮಿ, ಮೂವತ್ತು ಜಿಬಿ ಖಂಡಿತ ಬರುತ್ತಿತ್ತು. ಮುತ್ಯಾ ಹೋಗುತ್ತಿದ್ದ!

ಇಲ್ಲಿದೆ ನೋಡ್ರಿ ಕಥೆಯ ಗುಟ್ಟು. ಸೇವ್ ಮಾಡದ ರೆಕಾರ್ಡಿಂಗನ್ನು ಅಡಾಸಿಟಿ ಇಡುವುದೇ ತಾತ್ಕಾಲಿಕ ಫೈಲುಗಳಿಗೆಂದು ಇರುವ ತನ್ನ ಫೋಲ್ಡರಿನಲ್ಲಿ. ಕಸದ ಹೆಸರಿನ ಕೋಣೆಯಲ್ಲಿ ಬಂಗಾರ ಇಟ್ಟ ಹಾಗೆ. ಬಾಗಿಲ ಮೇಲೆ 'ತಾತ್ಕಾಲಿಕ' ಎಂದು ಬರೆದಿರುವುದನ್ನು ಓದಿ ಪೊರಕೆ ಹಿಡಿದವರು ಎಷ್ಟೋ ಜನ.

ಇನ್ನು ಲೆಕ್ಕ. ತಂತ್ರಾಂಶ ಸೆಕೆಂಡಿಗೆ 44,100 ಸಲ ದನಿಯನ್ನು ಅಳೆಯುತ್ತದೆ, ಒಂದೊಂದು ಅಳತೆಗೆ 4 ಬೈಟ್ ಜಾಗ. ಸ್ಟೀರಿಯೋ ಆದರೆ ಎರಡರಷ್ಟು. ನಿಮಿಷಕ್ಕೆ ಸುಮಾರು 20 ಎಂಬಿ, ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಸುಮಾರು 1.9 ಜಿಬಿ. ನಾಲ್ಕಕ್ಕೆ 7.6. ಇಷ್ಟೇ ಆಗಿದ್ದರೆ ಚಿಂತೆ ಇರಲಿಲ್ಲ. ಪೂರ್ತಿ ನಾಟಕದ ಮೇಲೆ ಸದ್ದು ಕಡಿಮೆ ಮಾಡುವ ಗುಂಡಿ ಒತ್ತಿದಿರಾ? ಮೂಲವನ್ನು ಹಾಗೇ ಇಟ್ಟು, ಪಕ್ಕದಲ್ಲಿ ಹೊಸದಾಗಿ ಇನ್ನೊಂದು 7.6 ಜಿಬಿ ಬರೆಯುತ್ತದೆ. ಏರಿಳಿತ ಸರಿಮಾಡಿದಾಗ ಮತ್ತೊಂದು 7.6. ಮೂರನೆಯ ಗುಂಡಿಗೆ ಮೂವತ್ತು ದಾಟಿತು. ಯಾಕೆ ಹೀಗೆ? ನೀವು 'ಅನ್‌ಡೂ' ಒತ್ತಿ ಹಿಂದಕ್ಕೆ ಹೋಗಬೇಕೆಂದರೆ ಹಿಂದಿನದು ಎಲ್ಲಾದರೂ ಇರಬೇಕಲ್ಲ! ಎಡಿಟಿಂಗ್ ಕೋಣೆಯಲ್ಲಿ ಕತ್ತರಿಸಿದ ಫಿಲ್ಮಿನ ತುಣುಕುಗಳನ್ನು ಚಿತ್ರ ಮುಗಿಯುವ ತನಕ ಬುಟ್ಟಿಯಲ್ಲಿ ಇಡುತ್ತಿದ್ದರಲ್ಲ, ಇದೂ ಅದೇ. ಖಳನಾಯಕ ಅಂದುಕೊಂಡವನು ಅಸಲಿಗೆ ಕಾವಲುಗಾರ. ಊಟ ಮಾತ್ರ ಸ್ವಲ್ಪ ಜಾಸ್ತಿ.

ಮೊದಲು ಚಾರ್ಜರ್ ಚುಚ್ಚಿದೆ. ಬ್ಯಾಟರಿ ಕೆಂಪಗಾಗಿತ್ತು. ಆಮೇಲೆ ಹುಡುಗನ ಡಿಸ್ಕಿನಲ್ಲಿ ಬೇರೆ ಏನಿದೆ ಎಂದು ಹುಡುಕಿದೆ. ಇದ್ದವು, ನಿಮ್ಮ ಲ್ಯಾಪ್‌ಟಾಪಿನಲ್ಲಿ ಇರುವಂಥವೇ! ಹನ್ನೆರಡು ಸಿನಿಮಾ, ಹದಿನೆಂಟು ಜಿಬಿ. ಎಲ್ಲವನ್ನೂ ನನ್ನ ಹೊರಗಿನ ಹಾರ್ಡ್‌ಡಿಸ್ಕಿಗೆ ಸಾಗಿಸಿದೆ. ಕಂಪ್ಯೂಟರಿಗೆ ಉಸಿರು ಬಂತು. ಆಮೇಲೆ ನಾಟಕದ ಪ್ರಾಜೆಕ್ಟನ್ನು ಅದೇ ಹೊರಗಿನ ಡಿಸ್ಕಿಗೆ ಸೇವ್ ಮಾಡಿದೆ. ಪೆನ್‌ಡ್ರೈವಿಗೆ ಯಾಕಿಲ್ಲ ಅಂತೀರಾ? ಬಹಳಷ್ಟು ಪೆನ್‌ಡ್ರೈವ್ ಇನ್ನೂ ಫ್ಯಾಟ್-32 ಎಂಬ ಹಳೆಯ ಪದ್ಧತಿಯವು. 4 ಜಿಬಿಗಿಂತ ದೊಡ್ಡ ಒಂದೇ ಫೈಲು ಅವುಗಳ ಬಾಯಿಗೆ ಹಿಡಿಸುವುದಿಲ್ಲ, ಒಳಗೆ ಎಷ್ಟೇ ಜಾಗ ಖಾಲಿ ಇರಲಿ.

ನಂತರ 'ವ್ಯೂ' ಪಟ್ಟಿಯೊಳಗಿನ 'ಹಿಸ್ಟರಿ' ತೆಗೆದು ಹುಡುಗನಿಗೆ ತೋರಿಸಿದೆ. ಮಾಡಿದ ಒಂದೊಂದು ಕೆಲಸ, ಅದರ ಎದುರಿಗೆ ಅದು ಹಿಡಿದಿಟ್ಟ ಜಾಗ. ಕಿರಾಣಿ ಅಂಗಡಿಯ ಉದ್ರಿ ಖಾತೆ ಇದ್ದ ಹಾಗೆ! ಅಲ್ಲೇ 'ಡಿಸ್ಕಾರ್ಡ್' ಎಂಬ ಗುಂಡಿಯೂ ಇದೆ. ಹುಡುಗನ ಬೆರಳು ಆಗಲೇ ಅತ್ತ ಹೊರಟಿತ್ತು. "ತಡಿ ತಮ್ಮಾ" ಎಂದೆ. ಅದನ್ನು ಒತ್ತಿದರೆ ಜಾಗ ಬರುತ್ತದೆ ನಿಜ, ಆದರೆ ಸುಯ್ ಸದ್ದಿನ ಸಮೇತ ಇದ್ದ ಮೊದಲ ಇಳಿಕೆ ಶಾಶ್ವತವಾಗಿ ಹೋಗುತ್ತದೆ. ಕ್ಯಾಸೆಟ್ಟು ಬೇರೆ ತುಂಡಾಗಿದೆ.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಗಂಗಾವತಿಯ ನನ್ನ ಪರಿಚಯದವನೊಬ್ಬನ ಕಥೆ ಗೊತ್ತು. 2021ಕ್ಕಿಂತ ಹಿಂದಿನ ಅಡಾಸಿಟಿಯಲ್ಲಿ ಪ್ರಾಜೆಕ್ಟು ಎರಡು ತುಂಡಾಗಿರುತ್ತಿತ್ತು. ಒಂದು ಚಿಕ್ಕ ಫೈಲು, ಜೊತೆಗೆ ಅದೇ ಹೆಸರಿನ ಬಾಲಕ್ಕೆ 'ಡೇಟಾ' ಅಂತ ಸೇರಿಸಿದ ಫೋಲ್ಡರು. ಫೋಲ್ಡರಿನಲ್ಲಿ ಸಾವಿರಾರು ಪುಟ್ಟ ಪುಟ್ಟ ಫೈಲುಗಳು, ಹೆಸರು ನೋಡಿದರೆ ತಲೆಬುಡವಿಲ್ಲ. ಕಸ ಎಂದು ತಿಳಿದು ಅವನ ಮನೆಯವರು ಯಾರೋ ಫೋಲ್ಡರು ಅಳಿಸಿದರು, ಚಿಕ್ಕ ಫೈಲನ್ನು ಜೋಪಾನ ಮಾಡಿದರು. ಚಿಕ್ಕ ಫೈಲು ಬರೀ ಪಟ್ಟಿ, ದನಿಯೆಲ್ಲ ಇದ್ದದ್ದು ಆ 'ಕಸ'ದಲ್ಲಿ. ಅವನ ಅವ್ವ ಹಾಡಿದ ಬೀಸುವ ಪದಗಳು ಇವತ್ತಿಗೂ ಇಲ್ಲ. 2021ರ ಮಾರ್ಚಿನಲ್ಲಿ ಬಂದ ಮೂರನೆಯ ಆವೃತ್ತಿಯಿಂದ ಎಲ್ಲವೂ ಒಂದೇ ಫೈಲು. ಆದರೂ ಪ್ರಾಜೆಕ್ಟು ತೆರೆದಿರುವಾಗ ಪಕ್ಕದಲ್ಲಿ ಡಬ್ಲ್ಯು-ಎ-ಎಲ್ ಎಂಬ ಬಾಲದ ಇನ್ನೊಂದು ಫೈಲು ಕಾಣುತ್ತದೆ. ಅದನ್ನು ಮುಟ್ಟಬೇಡಿ, ಆಗತಾನೇ ಮಾಡಿದ ಕೆಲಸ ಅದರೊಳಗಿರುತ್ತದೆ.

ನಾವು ಮಾಡಿದ್ದು ಹೀಗೆ. ಹಿಸ್ಟರಿ ಪಟ್ಟಿಯಲ್ಲಿ ಸದ್ದು ತೆಗೆಯುವ ಮೊದಲಿನ ಸಾಲಿನ ಮೇಲೆ ಒತ್ತಿದೆವು. ನಾಟಕ ಮೊದಲಿನ ರೂಪಕ್ಕೆ ಮರಳಿತು. ಆಗ ಕಂಡಿತು ಇನ್ನೊಂದು ತಮಾಷೆ. ಅಂದು ರೆಕಾರ್ಡ್ ಮಾಡಿದ್ದು ಒಂದೇ ಮೈಕಿನಲ್ಲಿ, ಕಂಪ್ಯೂಟರಿಗೆ ಇಳಿದದ್ದು ಸ್ಟೀರಿಯೋದಲ್ಲಿ. ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ಒಂದೇ ದನಿ, ಅವಳಿ ಜವಳಿ! ಊರ ನಾಟಕ, ಭಜನೆ, ಭಾಷಣ ಇಳಿಸುವವರು ಶುರುವಿನಲ್ಲೇ ಮೋನೋ ಎಂದು ಆರಿಸಿಕೊಂಡರೆ ಅರ್ಧಕ್ಕರ್ಧ ಜಾಗ ಉಳಿಯುತ್ತದೆ, ದನಿಯಲ್ಲಿ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಮೂಲವನ್ನು ಹದಿನಾರು ಬಿಟ್ಟಿನ ಮೋನೋ ವೇವ್ ಫೈಲಾಗಿ ಹೊರತೆಗೆದೆವು. ಕ್ಯಾಸೆಟ್ಟಿಗೆ 476 ಎಂಬಿ, ನಾಲ್ಕಕ್ಕೆ ಎರಡು ಜಿಬಿಯ ಒಳಗೆ. ನಡುವೆ ಬೇರೆ ಏನನ್ನೂ ಮುಟ್ಟದೆ ಹಿಸ್ಟರಿಯ ಕೊನೆಯ ಸಾಲಿಗೆ ಬಂದು ಸದ್ದು ತೆಗೆದದ್ದನ್ನೂ ಹಾಗೇ ಹೊರತೆಗೆದೆವು. ನಡುವೆ ಏನಾದರೂ ಕತ್ತರಿಸಿದಿರೋ, ಮುಂದಿನ ಸಾಲುಗಳೆಲ್ಲ ಮಾಯ, ಎಚ್ಚರ. ಎಂಪಿತ್ರೀ ಮಾಡಿದರೆ ಒಂದು ಕ್ಯಾಸೆಟ್ಟು 86 ಎಂಬಿಗೆ ಮುಗಿಯುತ್ತದೆ. ವಾಟ್ಸ್ಯಾಪಿನಲ್ಲಿ ಸೋದರಮಾವನಿಗೆ ಕಳಿಸಲು ಅದು ಸರಿ. ಅದನ್ನೇ ಮೂಲವೆಂದು ಇಟ್ಟುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ಅದರಲ್ಲಿ ದನಿಯ ಒಂದಿಷ್ಟು ಭಾಗ ಬಿಟ್ಟೇ ಹೋಗಿರುತ್ತದೆ, ಮತ್ತೆ ಬರುವುದಿಲ್ಲ.

ಎರಡು ಕಡೆ ನಕಲು ಇಟ್ಟು, ಎರಡನ್ನೂ ನುಡಿಸಿ ಕೇಳಿ ನೋಡಿದ ಮೇಲೆಯೇ 'ಡಿಸ್ಕಾರ್ಡ್' ಒತ್ತಿದ್ದು. ಒತ್ತಿದ ಕೂಡಲೇ ಫೈಲಿನ ಗಾತ್ರ ಇಳಿಯಲಿಲ್ಲ. ಹುಡುಗ ನನ್ನ ಮುಖ ನೋಡಿದ. ಗಾಬರಿ ಬೇಡ, ಒಳಗೆ ಖಾಲಿಯಾದ ಜಾಗವನ್ನು ಅದು ಮುಂದಿನ ಕೆಲಸಕ್ಕೆ ಬಳಸಿಕೊಳ್ಳುತ್ತದೆ. ಪ್ರಾಜೆಕ್ಟನ್ನು ಮುಚ್ಚಿದಾಗಲೇ ಫೈಲು ನಿಜವಾಗಿ ಕುಗ್ಗುವುದು. ಹಾಗೆ ಕುಗ್ಗಲೂ ಡಿಸ್ಕಿನಲ್ಲಿ ಒಂದಿಷ್ಟು ಜಾಗ ಬೇಕು. ಮುಚ್ಚಿದೆವು, ಇಳಿಯಿತು. ವಿಂಡೋಸಿನಲ್ಲಿ ಕೈಯಾರೆ ಅಳಿಸಿದ ಫೈಲು ಮಾತ್ರ ರಿಸೈಕಲ್ ಬಿನ್ನಿನಲ್ಲಿ ಕೂತಿರುತ್ತದೆ, ಅದನ್ನು ಖಾಲಿ ಮಾಡುವ ತನಕ ಒಂದು ಎಂಬಿಯೂ ಮರಳುವುದಿಲ್ಲ. ಅರ್ಧದಲ್ಲಿ ಕರೆಂಟು ಹೋಗಿ ಎಲ್ಲ ನಿಂತರೆ, ಮತ್ತೆ ತೆರೆದಾಗ ಅಡಾಸಿಟಿಯೇ ಕೇಳುತ್ತದೆ, ಉಳಿಸಲೋ ಬಿಡಲೋ ಎಂದು. ನಿದ್ದೆಗಣ್ಣಿನಲ್ಲಿ ಉತ್ತರ ಕೊಡಬೇಡಿ.

ಅಂದ ಹಾಗೆ, ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರದು. ಸುಬ್ಬಯ್ಯ ನಾಯ್ಡು, ತ್ರಿಪುರಾಂಬ, ರಾವಣನಾಗಿ ನಾಗೇಂದ್ರರಾಯರು. ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ದನಿಗಳು ಅವು. ಚಿತ್ರದ ಪ್ರತಿ ಉಳಿದಿಲ್ಲ, ನೀವೂ ಕೇಳಿಲ್ಲ, ನಾನೂ ಕೇಳಿಲ್ಲ. ಅಷ್ಟು ದೊಡ್ಡವರದೇ ಹೀಗಾದರೆ ಯಲಬುರ್ಗಾದ ಹಳ್ಳಿಯ ನಾಯಕನ ದನಿಯನ್ನು ಕಾಯುವವರು ಯಾರು?

ಎರಡೂ ಪ್ರತಿಯನ್ನು ಹುಡುಗನಿಗೆ ಕೇಳಿಸಿದೆ. ಸದ್ದು ತೆಗೆದದ್ದು ಶುಭ್ರವಾಗಿತ್ತು, ಆದರೆ ಗಡಿಗೆಯೊಳಗೆ ಮುಖವಿಟ್ಟು ಮಾತಾಡಿದ ಹಾಗೆ. ಮೂಲದಲ್ಲಿ ಸುಯ್ ಸದ್ದು, ಹಾರ್ಮೋನಿಯಂ, ಶಿಳ್ಳೆ, ಪರದೆಯ ಹಿಂದಿನಿಂದ ಮಾತು ಎತ್ತಿಕೊಡುತ್ತಿದ್ದ ಮಾಸ್ತರರ ಪಿಸುಮಾತು, ಮತ್ತೆ ಮುತ್ಯಾನ ಏರುದನಿ. ಯಾವುದೋ ಮಾತಿಗೆ ಜನ ಹೋ ಎಂದರು. ಹುಡುಗ ಕಣ್ಣೊರೆಸಿಕೊಂಡ.

"ಇದ ಇರ್ಲಿ ಅಣ್ಣಾ."

ಮೂರನೆಯ ಕ್ಯಾಸೆಟ್ಟಿನ ತುಂಡಾದ ಕಡೆ ಹನ್ನೆರಡು ನಿಮಿಷ ಸಿಗಲಿಲ್ಲ. ಕುಕನೂರಿನಲ್ಲಿ ಅದೇ ನಾಟಕದ ಇನ್ನೊಂದು ಸೆಟ್ಟು ಯಾರದೋ ಮನೆಯ ಅಟ್ಟದ ಮೇಲಿದೆಯಂತೆ. ಈ ವಾರ ಹೋಗಿ ನೋಡಿಬರಬೇಕು.