ಬಿಸಿಲು ಕುಡಿಯುವ ನೀರು

ಏಪ್ರಿಲ್ ರಜೆಯಲ್ಲಿ ಮೊಮ್ಮಗಳ ಜೊತೆ ದಾಂಡೇಲಿಗೆ ಹೋಗಿದ್ದೆ. ಗಣೇಶಗುಡಿಯ ಹತ್ತಿರ ಕಾಳಿ ನದಿಗೆ ಕಟ್ಟಿದ ಸೂಪಾ ಅಣೆಕಟ್ಟಿನ ಎತ್ತರ 101 ಮೀಟರ್. ಅವಳ ಕಣ್ಣು ಬಿದ್ದದ್ದು ಮಾತ್ರ ಹಿನ್ನೀರಿನ ದಡದ ಕೆಮ್ಮಣ್ಣಿನ ಪಟ್ಟಿಯ ಮೇಲೆ.

“ಅಜ್ಜಾ, ಇಷ್ಟು ನೀರು ಯಾರು ಕುಡಿದ್ರು?”

ಹೆಚ್ಚಿನದು ವಿದ್ಯುತ್ತಿಗಾಗಿ ಕೆಳಗೆ ಹರಿದಿದೆ, ಒಂದಿಷ್ಟು ಬಿಸಿಲು ಕುಡಿದಿದೆ ಎಂದೆ. ಈ ನೀರಿಗಾಗಿ ಸೂಪಾ ಎಂಬ ಊರೇ ಮುಳುಗಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು ಎಂದೂ ಹೇಳಿದೆ. ಊರು ಕೊಟ್ಟು ಪಡೆದ ನೀರನ್ನು ಬಿಸಿಲು ಪುಕ್ಕಟೆ ಕುಡಿಯುವುದೇ? ಅವಳಿಗೆ ಸಿಟ್ಟು ಬಂತು. “ಉಪ್ಪು ಹಾಕಿದ್ರೆ ಕುಡಿಯಲ್ಲ ಅಲ್ವಾ?”

ಮರುದಿನ ತಾರಸಿಯ ಮೇಲೆ ಒಂದೇ ಅಳತೆಯ ಮೂರು ತಟ್ಟೆ ಇಟ್ಟೆವು. ಒಂದೊಂದಕ್ಕೂ ನಾಲ್ಕು ಚಮಚ ನೀರು. ಒಂದರಲ್ಲಿ ಬರೀ ನೀರು, ಒಂದಕ್ಕೆ ಒಂದು ಚಮಚ ಉಪ್ಪು, ಇನ್ನೊಂದಕ್ಕೆ ಬೆಲ್ಲ. ಬರೀ ನೀರು ಮೊದಲು ಒಣಗಿತು. ಆಮೇಲೆ ಉಪ್ಪಿನ ಹರಳು ಕಾಣಿಸಿತು. ಬೆಲ್ಲದ ತಟ್ಟೆ ಸಂಜೆಯಾದರೂ ಅಂಟಂಟು, ಸುತ್ತ ಇರುವೆಗಳ ಸಂತೆ!

ನೀರು ಆವಿಯಾಗಬೇಕಾದರೆ ಅದರ ಕಣಗಳು ಮೇಲ್ಮೈಯಿಂದ ಹಾರಬೇಕು. ಕರಗಿದ ಉಪ್ಪು, ಬೆಲ್ಲ ಅವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಆದರೆ ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇದ್ದರೂ ತಡೆ ಅಲ್ಪವೇ. ಗೋಕರ್ಣದ ಬಳಿಯ ಸಾಣಿಕಟ್ಟಾದ ಉಪ್ಪಿನ ಆಗರಗಳಲ್ಲಿ ಮೊದಮೊದಲು ನೀರು ಬೇಗ ಇಳಿಯುತ್ತದೆ, ಗಟ್ಟಿಯಾದಂತೆಲ್ಲ ನಿಧಾನವಾಗುತ್ತದೆ.

ಹಳಿಯಾಳದ ದಾರಿಯುದ್ದಕ್ಕೂ ಕಬ್ಬು. ಕಬ್ಬಿನ ಹಾಲಿನಲ್ಲಿ ಬಹುಪಾಲು ನೀರೇ. ಅದು ಗಟ್ಟಿಯಾದಷ್ಟೂ ಕುದಿಯಲು ಹೆಚ್ಚು ಶಾಖ ಬೇಕು. ನೀರು 100 ಡಿಗ್ರಿಗೆ ಕುದಿದರೆ, ಬೆಲ್ಲದ ಪಾಕ ಹದಕ್ಕೆ ಬರುವಾಗ ಸುಮಾರು 118 ಡಿಗ್ರಿ. ಅದಕ್ಕೇ ಸಕ್ಕರೆ ಕಾರ್ಖಾನೆಯವರು ಮುಚ್ಚಿದ ಪಾತ್ರೆಯೊಳಗಿನ ಗಾಳಿ ಎಳೆದು, ಕಡಿಮೆ ಶಾಖದಲ್ಲೇ ಕುದಿಸುತ್ತಾರೆ. ಆಲೆಮನೆಯ ಕೊಪ್ಪರಿಗೆಗೆ ಆ ಸೌಕರ್ಯವಿಲ್ಲ; ತಳ ಹಿಡಿಯದಂತೆ ಕೈ ನೋಯುವವರೆಗೆ ಮಗುಚಬೇಕು. ರುಚಿ ಯಾವುದರದ್ದು ಹೆಚ್ಚು ಎಂದು ನನ್ನನ್ನು ಕೇಳಬೇಡಿ, ನಾನು ಬೆಲ್ಲದ ಪಕ್ಷ.

ನೀರಿನ ಗುಣವಷ್ಟೇ ಸಾಲದು, ಗಾಳಿಯೂ ಒಪ್ಪಬೇಕು. ಬ್ಯಾಂಕಿನಲ್ಲಿದ್ದಾಗ ಜೋಯಿಡಾದಲ್ಲಿ ಒಂದು ಮಳೆಗಾಲ ಕಳೆದಿದ್ದೇನೆ. ಅಲ್ಲಿನ ಗಾಳಿಯೇ ತೊಯ್ದಿರುತ್ತಿತ್ತು, ಒಲೆಯ ಮೇಲೆ ಹಗ್ಗ ಕಟ್ಟದೆ ಅಂಗಿ ಒಣಗುತ್ತಿರಲಿಲ್ಲ. ಪೂರ್ವಕ್ಕಿರುವ ಮುಂಡಗೋಡಿನಲ್ಲಿ ಈ ಏಪ್ರಿಲ್‌ನಲ್ಲಿ ಹರವಿದ ಬಟ್ಟೆ ಊಟ ಮುಗಿಸಿ ಬರುವಷ್ಟರಲ್ಲಿ ಗರಿಗರಿ.

ಅಲ್ಲಿಂದ ಅತ್ತಿವೇರಿ ಪಕ್ಷಿಧಾಮಕ್ಕೆ ಹೋದೆವು. ಕೆರೆ ಅಂಚಿನಲ್ಲಿ ಬತ್ತಿತ್ತು, ಉಳಿದ ನೀರಿನಲ್ಲಿ ಬೆಳ್ಳಕ್ಕಿಗಳು. ಮೊಮ್ಮಗಳು ಬಹಳ ಹೊತ್ತು ನೋಡಿ ಹೇಳಿದಳು: “ಇದಕ್ಕೆ ಉಪ್ಪು ಬೇಡ ಅಜ್ಜಾ, ಹಕ್ಕಿಗೆ ಕುಡಿಯೋಕೆ ಬೇಕು.”